ಹಿಂದಿನ ಸೀಟಿನ ಹೂಂಕಾರ

ಶಂಕರಪುರಂನ ಪಂಚಾಕ್ಷರಯ್ಯನವರ ಅಂಬಾಸಿಡರ್ ಕಾರು ಮಾತಾಡುತ್ತಿತ್ತು. ಬಹಳ ಮಾತಾಡುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅದು ಆಡುತ್ತಿದ್ದದ್ದು ಒಂದೇ ಮಾತು, ಅದೂ ಬಾಯಿ ಮುಚ್ಚಿಕೊಂಡು ಆಡುವಂಥದ್ದು: ‘ಹೂಂ...’

ನಿಂತಾಗ ಇಲ್ಲ, ಜೋರಾಗಿ ಓಡುವಾಗಲೂ ಇಲ್ಲ. ತಿರುವು ಬಂತೆಂದು ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಹಿಂದಿನ ಸೀಟಿನ ಬುಡದಿಂದ ಆ ಸದ್ದು ಹೊರಡುತ್ತಿತ್ತು. ಮೊದಲು ಗಂಟಲಲ್ಲಿ, ಆಮೇಲೆ ಎದೆಯಲ್ಲಿ, ಕೊನೆಗೆ ಕೇಳುವವನ ಬೆನ್ನುಮೂಳೆಯಲ್ಲಿ.

ಬೇರೆಯವರ ಕಾರು ಹಾಗೆ ಮಾಡಿದ್ದರೆ ಗ್ಯಾರೇಜಿಗೆ ಬಿಡುತ್ತಿದ್ದರು. ಪಂಚಾಕ್ಷರಯ್ಯನವರಿಗೆ ಅಷ್ಟು ಸುಲಭವಿರಲಿಲ್ಲ. ಯಾಕೆಂದರೆ ಆ ‘ಹೂಂ’ ಅವರಪ್ಪ ಮರುಳಸಿದ್ದಪ್ಪನವರದು. ದನಿಯೂ ಅವರದೇ, ಎಳೆಯುವ ರೀತಿಯೂ ಅವರದೇ.

ಮರುಳಸಿದ್ದಪ್ಪನವರು ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟವರು. ಕಾರು ಕೊಂಡವರು ಅವರು, ಓಡಿಸುತ್ತಿದ್ದವನು ಮಗ. ಅಪ್ಪ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಮಗ ಸರಿಯಾಗಿ ಓಡಿಸಿದರೆ ಅವರ ಬಾಯಿಂದ ಏನೂ ಬರುತ್ತಿರಲಿಲ್ಲ. ತಿರುವಿನಲ್ಲಿ ಕೈ ಹೊರಗೆ ಚಾಚಿ ತೋರಿಸದೆ ತಿರುಗಿಸಿದನೋ, ಮುಚ್ಚಿದ ಕಣ್ಣಲ್ಲೇ ‘ಹೂಂ...’ ಎನ್ನುತ್ತಿದ್ದರು. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಬೈದಿದ್ದರೆ ಮಗ ಬದುಕಿಕೊಳ್ಳುತ್ತಿದ್ದ. ಆ ಹೂಂ ಕೇಳಿದ ದಿನ ಅವನಿಗೆ ರಾತ್ರಿಯೂಟ ಸೇರುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮಲ್ಲೇಶ್ವರದ ಒಂದು ಮದುವೆ ಮುಗಿಸಿ ಬರುವಾಗ ಪಂಚಾಕ್ಷರಯ್ಯ ಮನೆಯ ತಿರುವಿನಲ್ಲಿ ಕೈ ತೋರಿಸುವುದನ್ನು ಮರೆತರು. ಹಿಂದಿನಿಂದ ಏನೂ ಕೇಳಿಸಲಿಲ್ಲ. ಅಪ್ಪ ಈ ಸಲ ಬಿಟ್ಟುಬಿಟ್ಟರು ಎಂದು ಅವರಿಗೆ ಖುಷಿಯಾಯಿತು. ಮನೆ ಮುಂದೆ ಇಳಿದು ಹಿಂದಿನ ಬಾಗಿಲು ತೆಗೆದಾಗ ಗೊತ್ತಾಯಿತು, ಅಪ್ಪ ಮಲ್ಲೇಶ್ವರದ ಹತ್ತಿರವೇ ಹೊರಟುಹೋಗಿದ್ದರು.

ಹನ್ನೊಂದು ವರ್ಷ ಕಾರು ಸುಮ್ಮನಿತ್ತು. ಹೋದ ವರ್ಷದಿಂದ ಶುರುವಾಯಿತು.

ಪಂಚಾಕ್ಷರಯ್ಯನವರ ಹೆಂಡತಿ ತ್ರಿಪುರಸುಂದರಿ ಆ ಮನೆಗೆ ಸೊಸೆಯಾಗಿ ಬಂದವಳು. ಮಾವನವರ ಹೂಂ ಕೇಳಿದೊಡನೆ ಕೈ ತಾನಾಗಿ ಮೇಲೆ ಹೋಗಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು ಆಕೆಗೆ ಅಭ್ಯಾಸವಾಗಿತ್ತು. ಈಗ ಕಾರು ಪ್ರತಿ ತಿರುವಿನಲ್ಲೂ ಹೂಂಗುಡುತ್ತಿತ್ತು, ಆಕೆ ಪ್ರತಿ ತಿರುವಿನಲ್ಲೂ ಸೆರಗು ಎಳೆದುಕೊಳ್ಳುತ್ತಿದ್ದಳು.

“ನಮ್ಮಲ್ಲಿ ದೆವ್ವ ಆಗೋ ಪದ್ಧತಿನೇ ಇಲ್ಲ ಕಣೇ,” ಎಂದು ಪಂಚಾಕ್ಷರಯ್ಯ ಶಾಸ್ತ್ರ ಹೇಳಿದರು. “ಸತ್ತವರು ಲಿಂಗದಲ್ಲಿ ಐಕ್ಯ ಆಗ್ತಾರೆ.”

“ಐಕ್ಯ ಆದೋರು ಹಿಂದಿನ ಸೀಟಲ್ಲಿ ಯಾಕ್ ಕೂತಿದಾರೆ?” ಎಂದು ಆಕೆ ಕೇಳಿದಳು. ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವನು ಮರಿಯಣ್ಣ, ಚಾಮರಾಜಪೇಟೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಹಳೆಯ ಮೆಕ್ಯಾನಿಕ್. ಒಂದು ರೌಂಡು ಓಡಿಸಿ ನೋಡಿ, ದೆವ್ವವೂ ಇಲ್ಲ ಅಪ್ಪನೂ ಇಲ್ಲ, ಡಿಫರೆನ್ಷಿಯಲ್ ಹೋಗಿದೆ ಎಂದ. ಹಿಂದಿನ ಎರಡು ಚಕ್ರಗಳ ನಡುವೆ, ಅಚ್ಚಿನ ಮಧ್ಯೆ, ಬೂದುಗುಂಬಳಕಾಯಿಯಷ್ಟು ದಪ್ಪದ ಕಬ್ಬಿಣದ ಗುಂಡೊಂದು ನೇತಾಡುತ್ತದೆಯಲ್ಲ, ಅದೇ. ಒಳಗಿರುವುದು ಹಲ್ಲಿನ ಚಕ್ರಗಳು. ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಇಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೂ ಹಂಚುವ ದಾಯಾದಿ ಪಂಚಾಯ್ತಿ ಅದರದು. ಹಲ್ಲು ಸವೆದರೆ ನರಳುತ್ತದೆ. ಹೇಗೂ ಬದಲಾಯಿಸುವುದಾದರೆ ಸ್ವಲ್ಪ ಮೇಲ್ದರ್ಜೆಯದನ್ನೇ ಹಾಕಿಸಿ, ಕಾರು ಹಗುರಾಗಿ ಓಡುತ್ತದೆ ಎಂದೂ ಹೇಳಿದ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಭಾನುವಾರ ತ್ರಿಪುರಸುಂದರಿಯ ತಮ್ಮ ಕೇದಾರನ ಗೃಹಪ್ರವೇಶ ಬಂತು, ಮಲ್ಲೇಶ್ವರದಲ್ಲಿ. ಕೇದಾರನದು ಬ್ಯಾಟರಿ ಕಾರು. ಅದಕ್ಕೆ ಸದ್ದೇ ಇಲ್ಲ. ಎಲೆಯ ಮುಂದೆ ಕೂತವರೆಲ್ಲ ಕೇಳಲಿ ಎಂದು ಅವನು ಗಟ್ಟಿಯಾಗಿ ಹೇಳಿದ: “ಭಾವಾ, ನಿಮ್ಮ ಕಾರು ಕ್ರಾಸಿಗೆ ಬರ್ತಿದ್ದಂಗೇ ನಮ್ಮ ನಾಯಿ ಮಂಚದ ಕೆಳಗೆ ಹೋಯ್ತು. ಇನ್ನೂ ಆಚೆ ಬಂದಿಲ್ಲ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಂಚಾಕ್ಷರಯ್ಯನವರಿಗೆ ರೇಗಿತು. ರೇಗಿದ ಮನುಷ್ಯ ಸುಮ್ಮನೆ ಹೋಳಿಗೆ ತಿನ್ನಬೇಕು, ಬಾಯಿ ಬಿಡಬಾರದು. ಇವರು ಬಾಯಿ ಬಿಟ್ಟರು. ಆ ಕಾರಿನ ಒಂದೊಂದು ನಟ್ಟೂ ತನಗೆ ಗೊತ್ತು, ಡಿಫರೆನ್ಷಿಯಲ್ ಬದಲಾಯಿಸುವುದು ತನಗೆ ಎಡಗೈ ಕೆಲಸ ಎಂದುಬಿಟ್ಟರು. ಮೂವತ್ತೈದು ವರ್ಷದಲ್ಲಿ ಅವರು ಆ ಕಾರಿಗೆ ತಮ್ಮ ಕೈಯಾರೆ ಮಾಡಿದ ಕೆಲಸವೆಂದರೆ ಒರೆಸುವುದು.

ಕೇದಾರ ಅಲ್ಲೇ ಹಿಡಿದುಕೊಂಡ. ಅವನ ಸ್ನೇಹಿತ ಅಭಿನಂದನ್ ಎಂಬುವನು ಕನಕಪುರ ರಸ್ತೆಯಲ್ಲಿ ರೆಸಾರ್ಟು ಮಾಡಿದ್ದಾನಂತೆ. ಹಳೇ ಕಾರೊಂದನ್ನು ಬಾಗಿಲಲ್ಲಿ ನಿಲ್ಲಿಸಿ, ಬಾನೆಟ್ಟಿನೊಳಗೆ ಐಸ್‌ಕ್ರೀಮ್ ಡಬ್ಬಗಳನ್ನು ಜೋಡಿಸಿ ಮಾರುವ ಆಲೋಚನೆಯಂತೆ. ಮುಂದಿನ ಭಾನುವಾರದೊಳಗೆ ಸದ್ದು ನಿಂತರೆ ಕಾರು ಭಾವನದು, ನಿಲ್ಲದಿದ್ದರೆ ಅಭಿನಂದನನದು. ಒಪ್ಪಿಗೆಯೇ?

“ಒಪ್ಪಿಗೆ,” ಎಂದಳು ತ್ರಿಪುರಸುಂದರಿ, ಗಂಡನನ್ನು ಕೇಳದೆ.

ಅಪ್ಪ ಪ್ರಾಣ ಬಿಟ್ಟ ಕಾರಿನಲ್ಲಿ ಐಸ್‌ಕ್ರೀಮ್. ಪಂಚಾಕ್ಷರಯ್ಯ ಕೈಲಿದ್ದ ಹೋಳಿಗೆಯನ್ನು ಎಲೆಗೇ ಹಾಕಿದರು.

ಸೋಮವಾರ ಬೆಳಿಗ್ಗೆ ಮರಿಯಣ್ಣನ ಮನೆಗೆ ಓಡಿದರು. ಮರಿಯಣ್ಣ ಒಂದು ಕಣ್ಣಿಗೆ ಪೊರೆ ತೆಗೆಸಿಕೊಂಡು ಕರೀ ಕನ್ನಡಕ ಹಾಕಿ ಮಲಗಿದ್ದ. ಬಗ್ಗುವಂತಿಲ್ಲ, ಗಾಡಿ ಕೆಳಗೆ ತೂರುವಂತಿಲ್ಲ, ಡಾಕ್ಟರ ಅಪ್ಪಣೆ. ಹುಡುಗರ ಕೈಲಿ ಮಾಡಿಸುತ್ತೇನೆ, ಆದರೆ ಈಗಿರುವುದು ಯಾವ ಲೆಕ್ಕದ ಕ್ರೌನು ಅಂತ ಮೊದಲು ಗೊತ್ತಾಗಬೇಕು, ಆಮೇಲೆ ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕು ಎಂದ. “ಅದನ್ನ ನೀವೇ ನೋಡ್ಬೋದು ಯಜಮಾನ್ರೇ. ಹಿಂದಿನ ಒಂದೇ ಒಂದು ಚಕ್ರ ಜಾಕ್ ಹಾಕಿ ಎತ್ತಿ. ಚಕ್ರಕ್ಕೊಂದು ಗುರುತು, ಮಧ್ಯದ ಉದ್ದನೆ ಶಾಫ್ಟಿಗೊಂದು ಗುರುತು. ಚಕ್ರ ಎರಡು ಸುತ್ತು ತಿರುಗಿಸಿ. ಶಾಫ್ಟು ಎಷ್ಟು ಸುತ್ತು ತಿರುಗ್ತು ಎಣಿಸಿ ಹೇಳಿ. ಮುಖ್ಯವಾಗಿ ಗೇರು...”

“ಗೊತ್ತು ಗೊತ್ತು,” ಎಂದು ಪಂಚಾಕ್ಷರಯ್ಯ ಎದ್ದೇಬಿಟ್ಟರು. ಒಂದೊಂದು ನಟ್ಟೂ ಗೊತ್ತಿರುವವನಿಗೆ ಗೇರಿನ ಪಾಠವೇ?

ಮಂಗಳವಾರ ಮಧ್ಯಾಹ್ನ. ಅಮಾವಾಸ್ಯೆ. ಊಟವಾಗಿ ಶಂಕರಪುರಂ ಪೂರ್ತಿ ಮಲಗಿದ್ದ ಹೊತ್ತು. ಹಾಲಿನವನಿಲ್ಲ, ಸೊಪ್ಪಿನವನಿಲ್ಲ, ಕಾಗೆ ಕೂಡ ತಂತಿಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಮನೆಗೋಡೆಗೂ ರಸ್ತೆಗೂ ನಡುವಿನ ಜಾಗದಲ್ಲಿ ಕಾರು ನಿಂತಿತ್ತು. ಎಡಮಗ್ಗುಲು ಗೋಡೆಯ ಕಡೆ, ಬಲಮಗ್ಗುಲು ರಸ್ತೆಯ ಕಡೆ. ಪಂಚಾಕ್ಷರಯ್ಯ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಒಂದು ಚಕ್ರ ಎತ್ತಿದರೆ ಕಾರು ವಾರೆಯಾಗಿ ಕಂಡಿತು. ವಾರೆಯಾಗಿ ನಿಂತ ಕಾರಿಗೆ ಮರ್ಯಾದೆ ಎಲ್ಲಿ ಎಂದುಕೊಂಡು ಪಕ್ಕದ ಮನೆಯಿಂದ ಇನ್ನೊಂದು ಜಾಕ್ ತಂದು ಎರಡನ್ನೂ ಎತ್ತಿದರು. ಇದು ಮೊದಲನೆಯ ತಪ್ಪು. ಕಾರು ಜರುಗದಿರಲಿ ಎಂದು ಗೇರಿನಲ್ಲಿ ಬಿಟ್ಟಿದ್ದರು. ಇದು ಎರಡನೆಯದು. ಗುರುತು ಹಾಕಲು ಸೀಮೆಸುಣ್ಣ ಸಿಗಲಿಲ್ಲ. ದೇವರಕೋಣೆಯಿಂದ ವಿಭೂತಿ ಗಟ್ಟಿ ತಂದರು. ಕೈ ಅಭ್ಯಾಸವಲ್ಲವೇ, ಒಂದು ಗೆರೆ ಎಳೆಯಲು ಹೋಗಿ ಎರಡು ಟೈರಿಗೂ ಮೂರು ಮೂರು ಗೆರೆ ಎಳೆದರು. ಶಾಫ್ಟಿಗೆ ಕುಂಕುಮದ ಬೊಟ್ಟಿಟ್ಟರು. ಇದನ್ನು ತಪ್ಪು ಎನ್ನುವುದೋ ಭಕ್ತಿ ಎನ್ನುವುದೋ ನೀವೇ ಹೇಳಿ.

ಗೋಡೆಯ ಕಡೆಯಿಂದ ಕಾರಿನಡಿ ತೂರಿ, ಅಂಗಾತ ಮಲಗಿ, ಎಡಗೈಯಿಂದ ಎಡಗಡೆಯ ಚಕ್ರ ತಿರುಗಿಸತೊಡಗಿದರು. ಕಣ್ಣು ಶಾಫ್ಟಿನ ಕುಂಕುಮದ ಮೇಲೆ. ಚಕ್ರ ಒಂದು ಸುತ್ತು ಬಂತು, ಎರಡು ದಾಟಿತು. ಶಾಫ್ಟು ಮಿಸುಕಲಿಲ್ಲ.

ಎದುರುಮನೆಯ ಸುಬ್ಬಮ್ಮ ಅದೇ ಹೊತ್ತಿಗೆ ಹಪ್ಪಳ ತಿರುವಿಹಾಕಲು ಜಗಲಿಗೆ ಬಂದಳು. ಆಕೆಗೆ ಕಂಡದ್ದು ಇಷ್ಟು: ಮರುಳಸಿದ್ದಪ್ಪನವರ ಕಾರು ಹಿಂಭಾಗ ಎತ್ತಿಕೊಂಡು ನಿಂತಿದೆ. ಸುತ್ತ ಒಂದು ನರಪಿಳ್ಳೆ ಇಲ್ಲ. ರಸ್ತೆ ಕಡೆಯ ಚಕ್ರ ಮೈತುಂಬ ವಿಭೂತಿ ಧರಿಸಿಕೊಂಡು, ತನ್ನಷ್ಟಕ್ಕೆ ತಾನು, ನಿಧಾನವಾಗಿ, ಹಿಂದುಹಿಂದಕ್ಕೆ ತಿರುಗುತ್ತಿದೆ.

“ಯಾರಪ್ಪಾ ಅದು?” ಎಂದು ಕೇಳಿದಳು, ಸಣ್ಣಗೆ.

“ಸೊನ್ನೆ,” ಎಂದಿತು ಕಾರಿನ ಹೊಟ್ಟೆಯೊಳಗಿಂದ ಒಂದು ದನಿ.

ಹಪ್ಪಳ ಅಲ್ಲೇ ಉಳಿಯಿತು. ಸುಬ್ಬಮ್ಮ ಉಳಿಯಲಿಲ್ಲ.

ಪಂಚಾಕ್ಷರಯ್ಯ ಬೆವರು ಒರೆಸುತ್ತ ಹೊರಬಂದು ಬಲಗಡೆಗೆ ಹೋದರು. ಮೇಲೆ ಎಳೆದಿದ್ದ ಮೂರು ಗೆರೆ ಈಗ ಪಕ್ಕಕ್ಕೆ ಬಂದಿತ್ತು. ತಾವು ಇದನ್ನು ಮುಟ್ಟಿರಲಿಲ್ಲ. ಸುತ್ತ ನೋಡಿದರು. ಎದುರಿನ ಜಗಲಿಯಲ್ಲಿ ಹಪ್ಪಳ ಗಾಳಿಗೆ ಪಟಪಟ ಎನ್ನುತ್ತಿತ್ತು, ಅಷ್ಟೆ. ಗೋಡೆ ಕಡೆ ಹೋಗಿ ಎಡಚಕ್ರವನ್ನು ಅರ್ಧ ಸುತ್ತು ಮುಂದಕ್ಕೆ ತಿರುಗಿಸಿ, ಓಡಿಬಂದು ನೋಡಿದರು. ಬಲಚಕ್ರ ಅರ್ಧ ಸುತ್ತು ಹಿಂದಕ್ಕೆ ಹೋಗಿತ್ತು. ಮತ್ತೆ ಹೋಗಿ ಹಿಂದಕ್ಕೆ ತಿರುಗಿಸಿದರು. ಬಂದು ನೋಡಿದರೆ ಅದು ಮುಂದಕ್ಕೆ ಬಂದಿತ್ತು.

ಅಮಾವಾಸ್ಯೆಯ ಬಿಸಿಲಲ್ಲಿ ಅವರಿಗೆ ಚಳಿಯಾಯಿತು. ಇದು ಯಾರೆಂದು ಬೇರೆ ಕೇಳಬೇಕೇ? ಅಪ್ಪ ಬದುಕಿದ್ದಷ್ಟು ದಿನವೂ ಇದೇ ಆಗಿತ್ತು. ಇವರು ಮುಂದೆ ಎಂದರೆ ಅವರು ಹಿಂದೆ.

ನಾಲ್ಕು ಗಂಟೆಯ ಹೊತ್ತಿಗೆ ಸುದ್ದಿ ಎನ್.ಆರ್. ಕಾಲೋನಿ ದಾಟಿತ್ತು. ದಾಟುವಾಗ ಬೆಳೆದಿತ್ತು. ಒಂದು ಚಕ್ರ ಎರಡಾಗಿ, ಸೊನ್ನೆ ಎಂದದ್ದು ಯಾರದೋ ಹೆಸರಾಗಿ, ಕೊನೆಗೆ ಪಂಚಾಕ್ಷರಯ್ಯ ಮಾಟ ಮಾಡಿಸುತ್ತಿದ್ದಾರೆ ಎಂಬಲ್ಲಿಗೆ ಬಂದು ನಿಂತಿತು. ಕಾರಿನ ಮುಂದೆ ನಿಂಬೆಹಣ್ಣು ಬಿದ್ದವು. ಯಾರೋ ಇಬ್ಬರು ಹೆಂಗಸರು ಚಪ್ಪಲಿ ಬಿಟ್ಟು ಪ್ರದಕ್ಷಿಣೆಯನ್ನೂ ಹಾಕಿದರು. ವಾರ್ಡಿನಲ್ಲಿ ಚುನಾವಣೆಗೆ ನಿಲ್ಲಲು ಕಾದಿದ್ದ ಅನಿಲ್ ಕುಮಾರ್ ಬಂದು, ಈ ಬಡಾವಣೆಯಲ್ಲಿ ಇಂಥದ್ದಕ್ಕೆ ತಾನಿರುವವರೆಗೆ ಅವಕಾಶವಿಲ್ಲ ಎಂದು ಭಾಷಣ ಮಾಡಿ, ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಫೋಟೋದಲ್ಲಿ ಚಕ್ರ ಬಿದ್ದಿದೆಯೇ ಎಂದು ಹೆದರಿ ಅಳಿಸಿಹಾಕಿದ.

ಕೊನೆಗೆ ಹೆಡ್ ಕಾನ್‌ಸ್ಟೇಬಲ್ ಬೈರಯ್ಯ ಬಂದರು. ಇಪ್ಪತ್ತೆಂಟು ವರ್ಷ ಸರ್ವೀಸು, ದೆವ್ವ ಪವ್ವ ಎಂದರೆ ನಂಬದ ಮನುಷ್ಯ. ಜನರನ್ನು ಚದುರಿಸಿ, ಏನು ನಡೆಯಿತೋ ಹಾಗೇ ಮಾಡಿ ತೋರಿಸಿ ಎಂದರು. ಪಂಚಾಕ್ಷರಯ್ಯ ಎಡಚಕ್ರ ತಿರುಗಿಸಿದರು. ಬಲಗಡೆ ನಿಂತಿದ್ದ ಬೈರಯ್ಯ ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

“ಅಪ್ಪಾವ್ರ ಹೆಸರು ಏನಂದ್ರಿ ಸಾರ್?” ಎಂದು ಪುಸ್ತಕ ತೆಗೆದರು.

“ಮರುಳಸಿದ್ದಪ್ಪ.”

“ವಯಸ್ಸು? ತೀರ್ಕೊಂಡಾಗಿಂದು ಬರೀಲಾ, ಇವತ್ತಿಂದು ಬರೀಲಾ?”

ಇದಕ್ಕೆ ತ್ರಿಪುರಸುಂದರಿ ಒಳಗಿನಿಂದ, ಇವತ್ತಿನದೇ ಬರೆಯಿರಿ, ಅವರೆಲ್ಲಿ ಹೋಗಿದ್ದಾರೆ ಎಂದು ಉತ್ತರ ಕೊಟ್ಟಳು.

ಅಷ್ಟರಲ್ಲಿ ಜನ ಬೀದಿಯ ಆ ತುದಿಯಲ್ಲಿ ಎರಡು ಸೀಳಾದರು. ಕರೀ ಕನ್ನಡಕದ ಒಬ್ಬ ಮುದುಕ ತಲೆ ಅಲ್ಲಾಡಿಸದೆ, ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದ. ಸುಬ್ಬಮ್ಮ ಕಿಟಕಿ ಮುಚ್ಚಿದಳು. ಬಂದವನು ಮರಿಯಣ್ಣ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಕಾರಿನ ಬಾಗಿಲಿಗೆ ಹೋದ, ಕೈ ಒಳಗೆ ತೂರಿಸಿ ಗೇರಿನ ಕೋಲು ಅಲ್ಲಾಡಿಸಿದ.

“ನ್ಯೂಟ್ರಲ್ ಯಾರ್ ಮಾಡ್ತಾರೆ, ನಿಮ್ಮಪ್ಪ ಬಂದ್ ಮಾಡ್ತಾರಾ?” ಎಂದ.

ಮಾತು ಆಡಿದ ಮೇಲೆ ಅವನೂ ಕೈಯನ್ನು ಸರಕ್ಕನೆ ಹೊರಗೆಳೆದುಕೊಂಡ.

ಆಮೇಲೆ ವಿವರಿಸಿದ. ಗೇರಿನಲ್ಲಿದ್ದರೆ ಶಾಫ್ಟು ಬಿಗಿಯಾಗಿರುತ್ತದೆ, ಎರಡು ಚಕ್ರವೂ ಗಾಳಿಯಲ್ಲಿದ್ದರೆ ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಹೋಗಲೇಬೇಕು, ಡಿಫರೆನ್ಷಿಯಲ್ ಇರುವುದೇ ಹಾಗೆ. ಒಂದು ಚಕ್ರ ಇಳಿಸಿ, ನ್ಯೂಟ್ರಲ್ ಮಾಡಿ, ಪಂಚಾಕ್ಷರಯ್ಯನವರ ಕೈಲಿ ತಿರುಗಿಸಿದ. ಕುಂಕುಮದ ಬೊಟ್ಟು ಸರಸರ ಸುತ್ತಿತು. ಎರಡು ಸುತ್ತಿಗೆ ಐದಕ್ಕೆ ಒಂಚೂರು ಕಮ್ಮಿ. ಶಾಫ್ಟು ನಾಲ್ಕೂಕಾಲು ಸುತ್ತು ಬರುವಂಥದ್ದನ್ನು ಹಾಕಿದರೆ ಕಾರು ಹಾರುತ್ತದೆ ಎಂದ. ಬೈರಯ್ಯ ಟೋಪಿ ಹಾಕಿಕೊಂಡು ಪುಸ್ತಕದ ಆ ಹಾಳೆ ಹರಿದರು. ಜನಕ್ಕೆ ಮಾತ್ರ ಸಮಾಧಾನವಾಗಲಿಲ್ಲ. ಇಷ್ಟು ಒಳ್ಳೆಯ ದೆವ್ವವನ್ನು ಇಷ್ಟು ಬೇಗ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಶುಕ್ರವಾರ ಮರಿಯಣ್ಣನ ಶೆಡ್ಡಿನಲ್ಲಿ ಕೆಲಸ ನಡೆಯಿತು. ಗುಜರಿಗೆ ಬಂದಿದ್ದ ಯಾವುದೋ ಕಾರಿನಿಂದ ಬಿಚ್ಚಿದ ನಾಲ್ಕೂಕಾಲಿನ ಡಿಫರೆನ್ಷಿಯಲ್ ಸಿಕ್ಕಿತ್ತು. ಮರಿಯಣ್ಣ ಕುರ್ಚಿಯಲ್ಲಿ ಕೂತು ಹೇಳಿದ, ಹುಡುಗರು ಜೋಡಿಸಿದರು. ಶನಿವಾರ ಬೆಳಿಗ್ಗೆ ಪಂಚಾಕ್ಷರಯ್ಯ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಕಾರು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಬಸವನಗುಡಿ ಸುತ್ತಿ ಚಾಮರಾಜಪೇಟೆಗೆ ಬಂದರು. ತಿರುವಿನಲ್ಲಿ ಕಾಲೆತ್ತಿದರು.

ಹಿಂದಿನಿಂದ ಯಾರೋ ನಕ್ಕರು.

ಗಂಡಸಿನ ನಗುವಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ತಡೆಯಲಾರದೆ ಕಿಸಕ್ಕೆಂದು ನಗುವ ಒಬ್ಬ ಹೆಂಗಸಿನ ನಗು. ಪಂಚಾಕ್ಷರಯ್ಯ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಹೆಂಡತಿ ನಗುತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಕಾಲೆತ್ತಿದರು. ಈ ಸಲ ನಗು ಸ್ವಲ್ಪ ಹೆಚ್ಚು ಹೊತ್ತು ಇತ್ತು, ಕೊನೆಯಲ್ಲಿ ಒಂದು ನಿಟ್ಟುಸಿರೂ ಇತ್ತು.

“ಯಾರ್ರೀ ಇವಳು?” ಎಂದಳು ತ್ರಿಪುರಸುಂದರಿ.

“ಹಳೇ ಪಾರ್ಟು ಕಣೇ. ಅದರ ಸದ್ದು.”

“ಯಾರ ಕಾರಿಂದು? ಯಾರ ಮನೆಯವಳು? ಏನ್ ಸಂಕಟ ಪಟ್ಕೊಂಡು ಹೋದಳೋ. ಮನೇಲಿದ್ದ ಮಾವನವರನ್ನ ಬಿಚ್ಚಿ ಗುಜರಿಗೆ ಹಾಕಿ, ಗೊತ್ತುಗುರಿ ಇಲ್ಲದ ಹೆಂಗಸನ್ನ ಕೂರಿಸ್ಕೊಂಡು ಬಂದಿದೀರಲ್ರೀ. ಗಾಡಿ ನಿಲ್ಸಿ.”

ಆಕೆ ಆಟೋ ಹತ್ತಿದಳು. ಹತ್ತುವ ಮುನ್ನ ತೀರ್ಪು ಕೊಟ್ಟಳು: “ಮಾವನವರನ್ನ ವಾಪಸ್ ಕರ್ಕೊಂಡ್ ಬನ್ನಿ. ಅವರ ಹೂಂ ನಂಗೆ ಅಭ್ಯಾಸ ಇದೆ. ಅವರು ಬಂದ್ರೆ ಕಾರು ಇರಲಿ, ಕೇದಾರಂಗೆ ನಾನ್ ಹೇಳ್ತೀನಿ. ಇವಳೇ ಇರೋದಾದ್ರೆ ನಾಳೆ ಐಸ್‌ಕ್ರೀಮಿಗೆ ಕೊಟ್ಬಿಡಿ.”

ಪಂಚಾಕ್ಷರಯ್ಯ ಒಬ್ಬರೇ, ಪ್ರತಿ ತಿರುವಿನಲ್ಲೂ ಆ ನಗು ಕೇಳಿಸಿಕೊಳ್ಳುತ್ತ ಮರಿಯಣ್ಣನ ಶೆಡ್ಡಿಗೆ ಬಂದರು. ಹಳೆಯದನ್ನೇ ಹಾಕು ಎಂದು ಕೈ ಮುಗಿದರು. ಮರಿಯಣ್ಣ ಬೈದ. ಬೈದು, ಬಿಟ್ಟು ಹೋಗಿ ನೋಡೋಣ ಎಂದ.

ಭಾನುವಾರ ಬೆಳಿಗ್ಗೆ ಶೆಡ್ಡಿನ ಕೆಲಸದವನು ಕಾರು ತಂದು ಗೇಟಿನ ಮುಂದೆ ನಿಲ್ಲಿಸಿ, ಬೀಗದಕೈ ಕೊಟ್ಟು ಹೋದ. ಹತ್ತು ಗಂಟೆಗೆ ಅಭಿನಂದನ್ ಬಂದ. ತೆಳ್ಳಗಿನ, ಮೈಗೆ ಸೆಂಟು ಹಾಕಿದ ಮನುಷ್ಯ. ಬಾನೆಟ್ಟು ಎತ್ತಿ ಡಬ್ಬಗಳಿಗೆ ಅಳತೆ ಹಿಡಿದ. ಒಂದು ರೌಂಡು ಹೋಗಿಬರೋಣ ಎಂದು ಮುಂದೆ ಕೂತ. ತ್ರಿಪುರಸುಂದರಿ ಹಿಂದೆ, ಬಲಗಡೆ ಕೂತಳು. ಎಡಮೂಲೆಯನ್ನು ಆಕೆ ಯಾವತ್ತೂ ಖಾಲಿ ಬಿಡುತ್ತಿದ್ದಳು.

ಕಾರು ಹೊರಟಿತು. ಸದ್ದಿಲ್ಲ. ಎರಡು ಬೀದಿ ದಾಟಿದರು. ಹೂಂ ಕೂಡ ಇಲ್ಲ, ನಗುವೂ ಇಲ್ಲ. ಪಂಚಾಕ್ಷರಯ್ಯ ಕನ್ನಡಿಯಲ್ಲಿ ಎಡಮೂಲೆಯನ್ನು ನೋಡಿದರು. ಹಳೆಯದನ್ನು ಹಾಕಿದ ಮೇಲೂ ಅಪ್ಪ ಸಿಟ್ಟು ಮಾಡಿಕೊಂಡರೇ? ಹೆಂಡತಿ ಕೇಳಿದ್ದು ಮಾವನವರನ್ನು, ಬರಿಯ ಕಾರನ್ನಲ್ಲ. ಅದೇ ಯೋಚನೆಯಲ್ಲಿ ಮನೆಯ ತಿರುವಿಗೆ ಬಂದರು. ಕೈ ತೋರಿಸುವುದನ್ನು ಮರೆತರು.

“ಹೂಂ...”

ಹಿಂದಿನ ಎಡಮೂಲೆಯಿಂದ, ನಿಧಾನವಾಗಿ, ಗಂಟಲಿಂದ ಎದೆಗೆ.

ತ್ರಿಪುರಸುಂದರಿಯ ಕೈ ಮೇಲೆ ಹೋಗಿ ಸೆರಗು ತಲೆಯ ಮೇಲೆ ಬಂತು. ಆಕೆಯ ಮುಖದಲ್ಲಿ ಎಂಥ ಸಮಾಧಾನವೆಂದರೆ, ಊರಿಂದ ಬರಬೇಕಾದವರು ಕ್ಷೇಮವಾಗಿ ಬಂದಿಳಿದ ಹಾಗೆ. ಅಭಿನಂದನ್ ಹಿಂತಿರುಗಿ ನೋಡಿದ.

“ಅಮ್ಮಾ, ಏನೋ ಅಂದ್ರಿ?”

“ನಾನಲ್ಲಪ್ಪ. ನಮ್ಮ ಮಾವನವರು. ಇವರು ಕೈ ತೋರಿಸಲಿಲ್ವಲ್ಲ, ಅದಕ್ಕೆ.”

ಅಭಿನಂದನ್ ಖಾಲಿ ಸೀಟನ್ನು ನೋಡಿದ. ಗೇಟು ಬರುವ ಮೊದಲೇ ಇಳಿದ. ಐಸ್‌ಕ್ರೀಮಿಗೆ ತಳ್ಳುಗಾಡಿಯೇ ವಾಸಿ ಎಂದು ಆಮೇಲೆ ಕೇದಾರನಿಗೆ ಫೋನ್ ಮಾಡಿದನಂತೆ.

ಗೆದ್ದ ಖುಷಿಯಲ್ಲಿ ಪಂಚಾಕ್ಷರಯ್ಯ ಮನೆಯೊಳಗೆ ಕಾಲಿಡುತ್ತಿದ್ದಾಗ ಆಟೋ ಬಂದು ನಿಂತಿತು. ಮರಿಯಣ್ಣ ಇಳಿದ, ಕರೀ ಕನ್ನಡಕ, ನೆಟ್ಟಗಿನ ಕುತ್ತಿಗೆ. ಆಟೋದವನು ಭಾರದ ಗೋಣಿಚೀಲವೊಂದನ್ನು ಎಳೆದು ಜಗಲಿಯ ಮೇಲೆ ಹಾಕಿದ. ಒಳಗೆ ಕಬ್ಬಿಣ ಗಣಗಣ ಎಂದಿತು.

“ನಿಮ್ಮ ಹಳೇ ಸಾಮಾನು ಯಜಮಾನ್ರೇ. ಬೇಜಾರ್ ಮಾಡ್ಕೋಬೇಡಿ, ಹಾಕಕ್ಕಾಗ್ಲಿಲ್ಲ. ಮೂರು ಹಲ್ಲು ಉದುರೋಗಿತ್ತು. ನನ್ನ ಹತ್ರನೇ ಒಂದು ಹೊಸ ಸೆಟ್ಟಿತ್ತು, ಎಣ್ಣೆ ಕಾಗದ ಕೂಡ ಬಿಚ್ಚಿರಲಿಲ್ಲ. ಅದನ್ನೇ ಹಾಕಿಸ್ದೆ. ಹುಡುಗನ ಜೊತೆ ಕೂತು ಇಡೀ ಪೇಟೆ ಸುತ್ತಿ ನೋಡಿದೀನಿ, ಬೆಕ್ಕು ನಡೆದಂಗೆ. ಈಗ ಒಂಚೂರೂ ಸದ್ದಿಲ್ಲ, ಅಲ್ವಾ?”

ಪಂಚಾಕ್ಷರಯ್ಯ ಹೆಂಡತಿಯನ್ನು ನೋಡಿದರು. ಹೆಂಡತಿ ಗೋಣಿಚೀಲವನ್ನು ನೋಡಿದಳು. ತಲೆಯ ಮೇಲಿನ ಸೆರಗು ಇನ್ನೂ ಹಾಗೇ ಇತ್ತು.

“ಇಲ್ಲ,” ಎಂದರು ಪಂಚಾಕ್ಷರಯ್ಯ. “ಒಂಚೂರೂ ಇಲ್ಲ.”

“ಕಾಫಿ ಕುಡ್ಕೊಂಡ್ ಹೋಗಿ ಮರಿಯಣ್ಣ,” ಎಂದು ತ್ರಿಪುರಸುಂದರಿ ಒಳಗೆ ಹೋದಳು. ಪಾತ್ರೆಗೆ ಹಾಲು ಒಂದು ಲೋಟ ಹೆಚ್ಚಿಗೇ ಸುರಿದಳು.

ಮರಿಯಣ್ಣ ಹೋದ ಮೇಲೆ ಪಂಚಾಕ್ಷರಯ್ಯ ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆಗೆದರು. ಎಡಮೂಲೆಯ ಸೀಟು ಎಂದಿನಂತೆ ತಗ್ಗಾಗಿತ್ತು. ಎಷ್ಟೋ ವರ್ಷ ಒಬ್ಬರೇ ಕೂತ ಜಾಗ, ತಗ್ಗಾಗಿಯೇ ಇರುತ್ತದೆ. ಮುಟ್ಟಿ ನೋಡಬೇಕೆನ್ನಿಸಿತು, ಮುಟ್ಟಲಿಲ್ಲ.

“ಇನ್ಮೇಲೆ ಕೈ ತೋರಿಸ್ತೀನಪ್ಪಾ,” ಎಂದರು.

ಸ್ವಲ್ಪ ಹೊತ್ತು ಕಾದರು. ಏನೂ ಕೇಳಿಸಲಿಲ್ಲ. ಸರಿಯಾದ ಮಾತಿಗೆ ಮರುಳಸಿದ್ದಪ್ಪನವರು ಯಾವತ್ತೂ ಏನೂ ಅಂದವರಲ್ಲ.